ಬೈಕ್ ಮೇಲಿನ ದಣಿವು ಎಲ್ಲಿಂದ ಬರುತ್ತದೆ

ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 48 ಅಗಲವಾದ ರಸ್ತೆ. ಭರಮಸಾಗರ, ಆನಗೋಡು ದಾಟಿ ಒಂದು ಗಂಟೆ ಚಿಲ್ಲರೆಗೆ ಊರು ಸೇರಬಹುದು. ಆದರೂ ಈ ದಾರಿಯಲ್ಲಿ ದಿನಾ ಓಡಾಡುವ ಮೇಷ್ಟ್ರುಗಳು, ಮೆಡಿಕಲ್ ರೆಪ್‌ಗಳು, ಫೈನಾನ್ಸ್ ಕಲೆಕ್ಷನ್ ಹುಡುಗರು ಗಾಡಿಗೆ ಸ್ಟ್ಯಾಂಡ್ ಹಾಕಿದ ಕೂಡಲೇ ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ಬಾಗುವುದನ್ನು ನೋಡಬಹುದು. 'ಬೆನ್ನು ಹಿಡ್ಕಂಡೈತಿ' ಅನ್ನುತ್ತಾರೆ. ಕೆಲವರು ವಯಸ್ಸಾಯಿತು ಅಂದುಕೊಳ್ಳುತ್ತಾರೆ, ಕೆಲವರು ಗಾಡಿಯನ್ನು ಬೈಯುತ್ತಾರೆ, ಇನ್ನು ಕೆಲವರು ಮಾತ್ರೆ ನುಂಗಿ ಮರುದಿನ ಮತ್ತೆ ಹೊರಡುತ್ತಾರೆ.

ಈ ಒಂದು ಗಂಟೆಯಲ್ಲಿ ಮೈ ಮಾಡಿದ್ದೇನು ಅಂತ ನೋಡಿದರೆ, ಅದು ಅಲುಗಾಡಿದ್ದೇ ಕಡಿಮೆ. ಬರೀ ಹಿಡಿದುಕೊಂಡಿತ್ತು. ಕತ್ತು ಹೆಲ್ಮೆಟ್ಟನ್ನು ಗಾಳಿಗೆ ಎದುರಾಗಿ ಹಿಡಿದಿತ್ತು, ಹೆಗಲು ತೋಳುಗಳನ್ನು ಹಿಡಿದಿತ್ತು, ಬೆರಳುಗಳು ಆಕ್ಸಿಲರೇಟರ್ ಹಿಡಿದಿದ್ದವು, ಸೊಂಟ ಮೇಲಿನ ಮೈಯನ್ನೆಲ್ಲ ನೆಟ್ಟಗೆ ನಿಲ್ಲಿಸಿತ್ತು. ತುಂಬಿದ ಚೊಂಬನ್ನು ಕೈ ಚಾಚಿ ಹಿಡಿದುಕೊಂಡು ನಿಂತರೆ ಐದು ನಿಮಿಷಕ್ಕೇ ತೋಳು ನಡುಗುತ್ತದೆ. ಅದೇ ಚೊಂಬನ್ನು ಎತ್ತಿ ಇಳಿಸುತ್ತಿದ್ದರೆ ಅಷ್ಟು ಬೇಗ ದಣಿವಾಗುವುದಿಲ್ಲ. ಬಿಗಿಯಾಗಿಯೇ ಇರುವ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಒತ್ತಿಕೊಳ್ಳುತ್ತದೆ. ರಕ್ತ ಸರಿಯಾಗಿ ಹರಿಯದೆ ಅಲ್ಲಿ ಉರಿ, ಸೆಳೆತ, ನೋವು ಶುರುವಾಗುತ್ತದೆ. ಬೈಕ್ ಸವಾರರ ದಣಿವಿನಲ್ಲಿ ದೊಡ್ಡ ಪಾಲು ಈ ಹಿಡಿತದ್ದು. ಎಷ್ಟು ದೂರ ಹೋದಿರಿ ಅನ್ನುವುದಕ್ಕಿಂತ ಎಷ್ಟನ್ನು, ಎಷ್ಟು ಬಿಗಿಯಾಗಿ ಹಿಡಿದುಕೊಂಡು ಹೋದಿರಿ ಅನ್ನುವುದೇ ಮುಖ್ಯ. ಹೀಗೆ ನೋಡಿದರೆ ಪರಿಹಾರದ ಅರ್ಧ ಭಾಗ ಸ್ಪ್ಯಾನರ್‌ನಲ್ಲೇ ಸಿಗುತ್ತದೆ.

ನಮ್ಮ ಕಡೆ ಮೊದಲು ಮಾತಾಡಬೇಕಾದದ್ದು ಗಾಳಿಯ ಬಗ್ಗೆ. ಜೋಗಿಮಟ್ಟಿಯ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳೇ ಹೇಳುವಂತೆ ಚಿತ್ರದುರ್ಗ ಗಾಳಿಯ ಊರು. ಆಷಾಢ, ಶ್ರಾವಣದಲ್ಲಿ ಮಳೆ ಮಲೆನಾಡಿನಲ್ಲೇ ಸುರಿದು, ಒಣಗಾಳಿ ಮಾತ್ರ ಪಡುವಣದಿಂದ ಇತ್ತ ಬೀಸುತ್ತದೆ. ದಾವಣಗೆರೆ ಕಡೆ ಹೋಗುವವರಿಗೆ ಅದು ಎಡಮುಂಭಾಗದಿಂದ, ಹೊಸಪೇಟೆ ರಸ್ತೆ ಹಿಡಿದವರಿಗೆ ನೇರ ಎಡಪಕ್ಕೆಗೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಲ್ಲಿ ಹೋಗುತ್ತಿದ್ದವರು 85ಕ್ಕೆ ಏರಿಸಿದರೆ ಎದೆಗೆ ಬೀಳುವ ಒತ್ತಡ ಎರಡು ಪಟ್ಟಾಗುತ್ತದೆ. ಎದುರುಗಾಳಿ 20 ಕಿ.ಮೀ. ವೇಗದ್ದಾಗಿದ್ದರೆ ಮೀಟರ್‌ನಲ್ಲಿ 60 ತೋರಿಸಿದರೂ ಎದೆಗೆ 80ರ ಗಾಳಿ. 60 ಕಿ.ಮೀ. ದಾರಿಯಲ್ಲಿ 85ರ ವೇಗ ಉಳಿಸುವುದು ಹೆಚ್ಚೆಂದರೆ 18 ನಿಮಿಷ. ಅದಕ್ಕಾಗಿ ಕೈ, ಕತ್ತು, ಹೊಟ್ಟೆಯ ಸ್ನಾಯುಗಳು ಇಡೀ ದಾರಿ ದುಪ್ಪಟ್ಟು ಒತ್ತಡ ತಡೆಯಬೇಕು. 100–125 ಸಿಸಿ ಗಾಡಿಗಳಲ್ಲಿ 55ರಿಂದ 65ರ ನಡುವೆ ಹೋಗುವವರು ದಿನದ ಕೊನೆಗೂ ಕೆಲಸ ಮಾಡುವ ಸ್ಥಿತಿಯಲ್ಲಿರುತ್ತಾರೆ.

ಪಕ್ಕೆಗಾಳಿಯಲ್ಲಿ ಅಪಾಯ ಬರುವುದು ಲಾರಿಯನ್ನು ಹಿಂದೆ ಹಾಕುವಾಗ. ನಿಮ್ಮ ಎಡಕ್ಕೆ ಲಾರಿ ಇರುವಷ್ಟು ಹೊತ್ತು ಅದು ಗಾಳಿಗೆ ಗೋಡೆಯಾಗಿ ನಿಂತಿರುತ್ತದೆ. ಅಷ್ಟು ಹೊತ್ತು ಗಾಳಿಗೆ ಎದುರಾಗಿ ಎಡಕ್ಕೆ ವಾಲಿಸಿದ್ದ ಗಾಡಿ ಲಾರಿಯ ಕಡೆಗೇ ಸರಿಯತೊಡಗುತ್ತದೆ. ಅದನ್ನು ಸರಿಮಾಡಿಕೊಂಡು ಕ್ಯಾಬಿನ್ ದಾಟಿದ ಕ್ಷಣ ತಡೆದಿದ್ದ ಗಾಳಿ ಒಮ್ಮೆಲೇ ಎಡಗಡೆಯಿಂದ ಹೊಡೆದು ಬಲಕ್ಕೆ ತಳ್ಳುತ್ತದೆ. ಇದು ಮೊದಲೇ ಗೊತ್ತಿದ್ದವರು ಲಾರಿಯಿಂದ ಎರಡು ಮೀಟರ್ ಆದರೂ ಬಿಟ್ಟು ದಾಟುತ್ತಾರೆ, ಕ್ಯಾಬಿನ್ ಹತ್ತಿರ ಬರುವಾಗ ಮಂಡಿಗಳಿಂದ ಟ್ಯಾಂಕ್ ಅವುಚಿಕೊಂಡು ಮೊಣಕೈ ಸಡಿಲ ಬಿಡುತ್ತಾರೆ. ಸಡಿಲ ಬಿಡುವುದೇ ಇಲ್ಲಿನ ಗುಟ್ಟು. ಗಾಳಿ ತಾಗುವುದು ನಿಮ್ಮ ಎದೆ-ಹೆಗಲಿಗೆ. ತೋಳು ಬಿಗಿಯಾಗಿದ್ದರೆ ಆ ತಳ್ಳುವಿಕೆ ಪೂರ್ತಿ ಹ್ಯಾಂಡಲ್‌ಗೆ ಇಳಿದು ಮುಂದಿನ ಚಕ್ರ ತಿರುಗುತ್ತದೆ. ತೋಳು ಸಡಿಲವಿದ್ದರೆ ಮೈ ಅಲುಗಿದರೂ ಗಾಡಿ ತನ್ನ ಪಾಡಿಗೆ ನೇರ ಹೋಗುತ್ತದೆ. ಪಟಪಟ ಬಡಿಯುವ ಸಡಿಲ ಜರ್ಕಿನ್, ಹ್ಯಾಂಡಲ್‌ಗೆ ಕಟ್ಟಿದ ದೊಡ್ಡ ಪ್ಲಾಸ್ಟಿಕ್ ಶೀಲ್ಡ್, ಎರಡೂ ಈ ಗಾಳಿಯಲ್ಲಿ ಶತ್ರುಗಳೇ.

ಇನ್ನು ಕೈಗಳು. ಬೆರಳು ಜೋಮು ಹಿಡಿಯುತ್ತದೆ ಅನ್ನುವವರು ಯಾವ ಬೆರಳು ಅಂತ ಗಮನಿಸಬೇಕು. ಕಿರುಬೆರಳು, ಉಂಗುರ ಬೆರಳಿಗೆ ಜೋಮು ಬಂದರೆ ಅಂಗೈಯ ಹೊರಬದಿಯಲ್ಲಿ ಹಾದುಹೋಗುವ ನರ ಒತ್ತಿಕೊಳ್ಳುತ್ತಿದೆ ಅಂತ: ಮೈಭಾರವನ್ನು ಅಂಗೈ ಮೇಲೆ ಹಾಕುತ್ತಿದ್ದೀರಿ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಬಂದರೆ ಮಣಿಕಟ್ಟು ಮಡಚಿಕೊಂಡಿದೆ. ಈ ಎರಡನೆಯದಕ್ಕೆ ಬಹಳ ಸಲ ಲಿವರ್‌ಗಳೇ ಕಾರಣ. ಶೋರೂಮಿನಿಂದ ಬಂದಾಗ ಕ್ಲಚ್, ಬ್ರೇಕ್ ಲಿವರ್ ಎಲ್ಲರಿಗೂ ಒಂದೇ ಕೋನದಲ್ಲಿರುತ್ತವೆ. ಗಾಡಿಯನ್ನು ಮೇನ್ ಸ್ಟ್ಯಾಂಡ್ ಹಾಕಿ, ದಿನಾ ಕೂರುವ ಹಾಗೆ ಕೂತು, ಕಣ್ಣು ಮುಚ್ಚಿ, ಕೈ ಹ್ಯಾಂಡಲ್ ಮೇಲಿಟ್ಟು ಬೆರಳು ಚಾಚಿ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆಯಲ್ಲಿದ್ದು ಬೆರಳು ಲಿವರ್ ಮೇಲೆ ತಾನಾಗಿ ಕೂರಬೇಕು. ಬೆರಳನ್ನು ಮೇಲಕ್ಕೆತ್ತಬೇಕಾಗಿ ಬಂದರೆ ಲಿವರ್ ಮೇಲಾಗಿದೆ. ಲಿವರ್ ಹೋಲ್ಡರ್‌ನ ಬೋಲ್ಟನ್ನು ಕಾಲು ಸುತ್ತು, ಅರ್ಧ ಸುತ್ತು ಸಡಿಲಿಸಿ, ಲಿವರ್ ಕೆಳಕ್ಕೆ ತಿರುಗಿಸಿ, ಮತ್ತೆ ಬಿಗಿ ಮಾಡಿ. ಹ್ಯಾಂಡಲ್ ತೀರಾ ದೂರ ಅನ್ನಿಸಿದರೆ ಕ್ಲ್ಯಾಂಪಿನ ಬೋಲ್ಟ್‌ಗಳನ್ನು ಸಡಿಲಿಸಿ ಕೊಂಚ ಹಿಂದಕ್ಕೆ ತಿರುಗಿಸಬಹುದು. ಡಿಸ್ಕ್ ಬ್ರೇಕ್ ಇರುವ ಗಾಡಿಯಲ್ಲಿ ಆಯಿಲ್ ಡಬ್ಬಿ ತೀರಾ ವಾಲದಂತೆ ನೋಡಿಕೊಳ್ಳಿ. ಆದಮೇಲೆ ಗಾಡಿ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಎಡ-ಬಲ ಕೊನೆವರೆಗೂ ತಿರುಗಿಸಿ. ರೇಸ್ ಏರಿದರೆ ವೈರ್ ಎಳೆದುಕೊಳ್ಳುತ್ತಿದೆ, ಹಾಗೇ ರಸ್ತೆಗಿಳಿಯಬೇಡಿ.

ಕ್ಲಚ್ ಗಟ್ಟಿ ಅನ್ನಿಸುವ ಗಾಡಿಯಲ್ಲಿ ಕ್ಲಚ್ ಪ್ಲೇಟ್‌ಗಿಂತ ವೈರ್ ಹಾಳಾಗಿರುವುದೇ ಹೆಚ್ಚು. ಒಳಗೆ ಧೂಳು ಸೇರಿ ಒಣಗಿದ ವೈರ್ ಎಳೆಯುವುದಕ್ಕೆ ಬೇಕಾಗುವ ಬಲ ಹೊಸದಕ್ಕಿಂತ ಬಹಳ ಜಾಸ್ತಿ. ದಾವಣಗೆರೆಯ ಪಿ.ಬಿ. ರಸ್ತೆಯಂಥ ಕಡೆ ಸಂಜೆ ಹೊತ್ತು ಎಷ್ಟು ಸಲ ಕ್ಲಚ್ ಒತ್ತಬೇಕು ಅಂತ ಓಡಿಸುವವರಿಗೆ ಗೊತ್ತು. ಲಿವರ್ ತುದಿಯಲ್ಲಿ 10ರಿಂದ 15 ಮಿ.ಮೀ. ಆಟ (ಕ್ಲಚ್ ಎಳೆಯಲು ಶುರುವಾಗುವ ಮುಂಚಿನ ಸಡಿಲು) ಇರಲಿ, ವೈರ್‌ಗೆ ಆಗಾಗ ಎಣ್ಣೆ ಬಿಡಿಸಿ, ಎಳೆ ಬಿಚ್ಚಿಕೊಂಡಿದ್ದರೆ ಹೊಸದು ಹಾಕಿಸಿ. ನೋವಿನ ಮಾತ್ರೆಗೆ ಸುರಿಯುವ ದುಡ್ಡಿಗಿಂತ ಇದು ಅಗ್ಗ. ಗಾಡಿ ಪೂರ್ತಿ ನಡುಗುತ್ತಿದ್ದರೆ ಇಂಜಿನ್ ಮೌಂಟಿಂಗ್ ಬೋಲ್ಟ್ ಸಡಿಲವಾಗಿದೆಯೇ, ಹ್ಯಾಂಡಲ್ ಕೊನೆಯ ಭಾರದ ಗುಂಡು ಬಿದ್ದುಹೋಗಿದೆಯೇ, ಚೈನ್ ಅಗತ್ಯಕ್ಕಿಂತ ಬಿಗಿ ಅಥವಾ ಸಡಿಲ ಇದೆಯೇ ನೋಡಬೇಕು. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿದಾಗ ನಡುವಲ್ಲಿ 'ಟಕ್' ಅಂತ ಸಿಕ್ಕಿಕೊಂಡರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಅಂಥ ಗಾಡಿ ನೇರ ರಸ್ತೆಯಲ್ಲೂ ಸಣ್ಣಗೆ ಅತ್ತಿತ್ತ ಅಲೆಯುತ್ತದೆ. ಸವಾರರಿಗೆ ಗೊತ್ತೇ ಆಗದಂತೆ ಕೈಗಳು ಅದನ್ನು ಸರಿಪಡಿಸುತ್ತಲೇ ಇರುತ್ತವೆ. ಸಂಜೆ ಹೆಗಲು ಯಾಕೆ ಸೇದುತ್ತದೆ ಅನ್ನುವ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಈ ಕೋನ್‌ಸೆಟ್.

ಟೈರಿನ ಗಾಳಿಗೆ ಗಾಡಿಯ ಪುಸ್ತಕ ಅಥವಾ ಅಂಟಿಸಿದ ಸ್ಟಿಕ್ಕರ್ ಹೇಳಿದ್ದೇ ಲೆಕ್ಕ. ಸಾಮಾನ್ಯ 100 ಸಿಸಿ ಗಾಡಿಗಳಲ್ಲಿ ಮುಂದೆ 25 ಪಿಎಸ್‌ಐ, ಒಬ್ಬರೇ ಇದ್ದರೆ ಹಿಂದೆ 28ರ ಆಸುಪಾಸು. ಇಬ್ಬರಾದರೆ ಹಿಂದಿನದನ್ನು ಏರಿಸಬೇಕು. ಪಂಕ್ಚರ್ ಅಂಗಡಿಯಲ್ಲಿ ಕೇಳದೆಯೇ 40 ಹೊಡೆದುಬಿಟ್ಟರೆ ಪ್ರತಿ ಹಳ್ಳವೂ ಬೆನ್ನಿಗೆ ತಾಗುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಳೆಸಿ. ಮಧ್ಯಾಹ್ನ ಓಡಿಸಿಕೊಂಡು ಬಂದ ಟೈರಿನಲ್ಲಿ ಒತ್ತಡ ಮೂರ್ನಾಲ್ಕು ಹೆಚ್ಚೇ ತೋರಿಸುತ್ತದೆ, ಅದನ್ನು ನೋಡಿ ಗಾಳಿ ಬಿಡಿಸಬಾರದು.

ಸೀಟಿನ ವಿಷಯದಲ್ಲಿ ಮೆತ್ತಗಿದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಬಲವಾಗಿದೆ. ತೀರಾ ಮೆತ್ತನೆಯ ಫೋಮ್ ಅರ್ಧ ಗಂಟೆಗೆ ಕುಸಿದು, ಪೃಷ್ಠದ ಎರಡು ಎಲುಬುಗಳು ತಳದ ಪ್ಲಾಸ್ಟಿಕ್ ಮೇಲೇ ಕೂತಂತಾಗುತ್ತದೆ. ಕೆಳಗೆ ಗಟ್ಟಿ ಫೋಮ್, ಮೇಲೆ ಒಂದು ಇಂಚು ಮೆತ್ತನೆಯದು ಹಾಕಿ ಹೊಲಿಸಿಕೊಂಡ ಸೀಟು ದೂರದ ದಾರಿಗೆ ಬಾಳುತ್ತದೆ. ಹೊಲಿಸುವಾಗ ಇಳಿಜಾರು ನೋಡಿ: ಸೀಟು ಮುಂದಕ್ಕೆ ಜಾರುವಂತಿದ್ದರೆ ಮೈ ಟ್ಯಾಂಕ್ ಕಡೆ ಸರಿಯುತ್ತಲೇ ಇರುತ್ತದೆ, ಅದನ್ನು ಹಿಂದಕ್ಕೆ ತಳ್ಳುವುದು ಕೈಗಳ ಕೆಲಸವಾಗುತ್ತದೆ. ಸೊಂಟ ಕುಸಿದು ಗೂನು ಬೆನ್ನಾಗಿ ಕೂತರೆ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳ ಮುಂಭಾಗಕ್ಕೆ ಒತ್ತಡ ಜಾಸ್ತಿ. ಆ ಭಂಗಿಯಲ್ಲೇ ಹಳ್ಳಕ್ಕೆ ಇಳಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಹಂಪ್ ಕಂಡಾಗ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಒಂದೆರಡು ಇಂಚು ಮೇಲೆದ್ದರೆ ಮಂಡಿಗಳೇ ಶಾಕ್ ಅಬ್ಸಾರ್ಬರ್ ಆಗುತ್ತವೆ.

ಸ್ಕೂಟರ್‌ನಲ್ಲಿ ಈ ಅನುಕೂಲ ಕಡಿಮೆ. ಕಾಲು ಮುಂದೆ ಚಪ್ಪಟೆ ಹಲಗೆ ಮೇಲಿರುವುದರಿಂದ ಮೇಲೇಳುವುದು ಕಷ್ಟ, ಚಕ್ರವೂ ಚಿಕ್ಕದು. ದೊಡ್ಡ ಚಕ್ರ ದಾಟಿಬಿಡುವ ಹಳ್ಳಕ್ಕೆ ಚಿಕ್ಕ ಚಕ್ರ ಇಳಿದೇ ಏಳುತ್ತದೆ, ಪೆಟ್ಟು ನೇರ ಸೊಂಟಕ್ಕೆ. ಸುತ್ತಲಿನ ಹಳ್ಳಿ ಶಾಲೆಗಳಿಗೆ ಸ್ಕೂಟರ್‌ನಲ್ಲಿ ಹೋಗುವ ಶಿಕ್ಷಕಿಯರು, ಆಶಾ ಕಾರ್ಯಕರ್ತೆಯರು ಎಷ್ಟೋ ಮಂದಿ. ಅವರ ಬೆನ್ನುನೋವನ್ನು ಮನೆಗೆಲಸದ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದು ಅನ್ಯಾಯ. ಹಿಂದಿನ ಶಾಕ್ ಅಬ್ಸಾರ್ಬರ್ ಸೋರುತ್ತಿದೆಯೇ ನೋಡಿಸಿ, ವೇಗ 40ಕ್ಕೆ ಇಳಿಸಿ, ಹ್ಯಾಂಡ್‌ಬ್ಯಾಗನ್ನು ಒಂದೇ ಹೆಗಲಿಗೆ ನೇತುಹಾಕದೆ ಸೀಟಿನ ಕೆಳಗೆ ಇಡಿ. ಬೈಕ್‌ನವರಿಗೂ ಇದೇ ಮಾತು. ಬೆನ್ನ ಮೇಲಿನ 6–7 ಕೆ.ಜಿ. ಬ್ಯಾಗನ್ನು ಹಿಂದಿನ ಸೀಟಿಗೆ ರಬ್ಬರ್ ಹಗ್ಗದಲ್ಲಿ ಕಟ್ಟಿದ ದಿನವೇ ಕತ್ತಿನ ನೋವು ತಗ್ಗುತ್ತದೆ.

ಬಿಸಿಲಿನ ಕಾಲದಲ್ಲಿ ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಓಡಾಡುವವರು ಇನ್ನೊಂದು ಮೋಸಕ್ಕೆ ಸಿಕ್ಕುತ್ತಾರೆ. ಅಲ್ಲಿನ ಗಾಳಿ ಎಷ್ಟು ಒಣ ಅಂದರೆ ಬೆವರು ಹುಟ್ಟಿದ ಕ್ಷಣವೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗದ್ದರಿಂದ ಬೆವರೇ ಬಂದಿಲ್ಲ ಅನ್ನಿಸುತ್ತದೆ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಹೊರಗೆ 38–40 ಇದ್ದಾಗ ಬೀಸುವ ಗಾಳಿ ಮೈಯನ್ನು ತಂಪು ಮಾಡುವ ಬದಲು ಕಾಯಿಸುತ್ತದೆ, ತಂಪಾಗುವುದೇನಿದ್ದರೂ ಬೆವರು ಆರುವುದರಿಂದ. ಹಾಗಾಗಿ ಬಿಸಿಲಿಗೆ ಅರ್ಧ ತೋಳಿಗಿಂತ ಸಡಿಲ ಹತ್ತಿಯ ತುಂಬು ತೋಳಿನ ಅಂಗಿ ಲೇಸು. ಒದ್ದೆ ಮಾಡಿದ ಟವೆಲ್ ಕತ್ತಿಗೆ ಸುತ್ತಿಕೊಂಡರೆ ಈ ಒಣಹವೆಯಲ್ಲಿ ನಿಜವಾಗಿಯೂ ಕೆಲಸ ಮಾಡುತ್ತದೆ, ತುದಿ ಮಾತ್ರ ಹಾರಾಡದಂತೆ ಅಂಗಿಯೊಳಗೆ ಸೇರಿಸಬೇಕು. ಬಾಯಾರುವವರೆಗೆ ಕಾಯದೆ ಅರ್ಧ-ಮುಕ್ಕಾಲು ಗಂಟೆಗೊಮ್ಮೆ ಒಂದು ಲೋಟ ನೀರು, ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ. ಓಆರ್‌ಎಸ್ ಆದರೆ ಒಂದು ಲೀಟರ್‌ನ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು, ಲೋಟಕ್ಕೆ ಚೂರು ಚೂರು ಉದುರಿಸಿಕೊಂಡರೆ ಪ್ರಮಾಣ ಕೆಡುತ್ತದೆ. ಬಿಪಿ, ಕಿಡ್ನಿ ತೊಂದರೆ ಇರುವವರು ಉಪ್ಪಿನ ವಿಷಯದಲ್ಲಿ ಡಾಕ್ಟರನ್ನು ಕೇಳಿಕೊಳ್ಳಲಿ. ಮೂತ್ರ ಗಾಢ ಹಳದಿಯಾಗಿದ್ದರೆ ಸಾಮಾನ್ಯವಾಗಿ ನೀರು ಸಾಲದು ಅಂತ ಅರ್ಥ. ನೀರು ಕಮ್ಮಿಯಾದ ಮೈಯಲ್ಲಿ ಮೊದಲು ಮಂಕಾಗುವುದು ಗಮನ.

ಗಮನವನ್ನು ಸದ್ದಿಲ್ಲದೆ ತಿನ್ನುವ ಇನ್ನೊಂದು ಸಂಗತಿ ಶಬ್ದ. ವೇಗ 80–90 ದಾಟಿದರೆ ಹೆಲ್ಮೆಟ್ ಒಳಗಿನ ಗಾಳಿಯ ಮೊರೆತ 90 ಡೆಸಿಬೆಲ್ ಮೀರುವುದು ಸಾಮಾನ್ಯ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು ಅನ್ನುವುದಾದರೆ, ಪ್ರತಿ 3 ಡೆಸಿಬೆಲ್‌ಗೂ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ; 94ಕ್ಕೆ ಬರುವಷ್ಟರಲ್ಲಿ ಒಂದೇ ಗಂಟೆ. ಊರು ಮುಟ್ಟಿದ ಮೇಲೂ ಕಿವಿಯಲ್ಲಿ 'ಗುಂಯ್' ಅನ್ನುತ್ತಿದ್ದರೆ ಆ ದಿನದ ಲೆಕ್ಕ ಮೀರಿದೆ. ಗದ್ದದ ಕೆಳಗಿಂದ ನುಗ್ಗುವ ಗಾಳಿಯೇ ಹೆಚ್ಚು ಸದ್ದು ಮಾಡುವುದರಿಂದ ಸರಿ ಅಳತೆಯ, ಮುಖ ಪೂರ್ತಿ ಮುಚ್ಚುವ ಐಎಸ್‌ಐ ಹೆಲ್ಮೆಟ್ ಅರ್ಧ ಪರಿಹಾರ. ಬೆಲ್ಟ್ ಹಾಕಿ ಹೆಲ್ಮೆಟ್ ಹಿಡಿದು ತಿರುಗಿಸಿದರೆ ಕೆನ್ನೆಯ ಚರ್ಮವೂ ಜೊತೆಗೇ ಬರಬೇಕು. ಅಂಗಡಿಯಲ್ಲೇ ಹತ್ತು-ಹದಿನೈದು ನಿಮಿಷ ಹಾಕಿಕೊಂಡಿದ್ದು, ಹಣೆಯ ಒಂದೇ ಕಡೆ ಒತ್ತುತ್ತಿದ್ದರೆ ಬೇರೆಯದು ನೋಡಿ. ಆ ಒತ್ತು ಹೆದ್ದಾರಿಯಲ್ಲಿ ತಲೆನೋವಾಗುತ್ತದೆ. ಹೆದ್ದಾರಿಗೆ ಫೋಮ್ ಇಯರ್‌ಪ್ಲಗ್ ಹಾಕಿಕೊಳ್ಳುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ: ಗಾಳಿಯ ಮೊರೆತ ತಗ್ಗಿದರೆ ಹಾರನ್ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ. ಊರೊಳಗೆ ಅದು ಬೇಡ.

ಮನಸ್ಸಿನ ದಣಿವಿಗೆ ಬಂದರೆ, ನಮ್ಮ ಜಿಲ್ಲೆಗಳ ಒಳರಸ್ತೆಗಳು ಹೆದ್ದಾರಿಗಿಂತ ಹೆಚ್ಚು ಹಿಂಡುತ್ತವೆ. ಸುಗ್ಗಿ ಬಂತೆಂದರೆ ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿರುತ್ತದೆ. ಅಂಚಿಗೆ ಸಾಲಾಗಿ ಇಟ್ಟ ಕಲ್ಲುಗಳು ಕಾಳು ಎತ್ತಿದ ಮೇಲೂ ಅಲ್ಲೇ ಉಳಿದು, ರಾತ್ರಿ ಲೈಟಿಗೆ ತಡವಾಗಿ ಕಾಣುತ್ತವೆ. ರಾಗಿ, ಹುರುಳಿಯ ಒಕ್ಕಣೆಗೆ ಹಾಸಿದ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ದಾಟುವ ಮೊದಲೇ ವೇಗ ಇಳಿಸಿ, ಹುಲ್ಲಿನ ಮೇಲೆ ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ಸಾಗಬೇಕು. ದಾಟಿದ ಮೇಲೆ ಚಕ್ರದ ಆಕ್ಸೆಲ್‌ಗೋ ಸೈಲೆನ್ಸರ್‌ಗೋ ಹುಲ್ಲು ಸುತ್ತಿಕೊಂಡಿದೆಯೇ ನೋಡಿ, ಬಿಸಿ ಸೈಲೆನ್ಸರ್‌ಗೆ ಒಣಹುಲ್ಲು ಹೊತ್ತಿಕೊಳ್ಳಬಹುದು. ಭದ್ರಾ ನಾಲೆಯ ಗದ್ದೆಬಯಲಿನಲ್ಲಿ, ಹರಿಹರ, ಮಲೇಬೆನ್ನೂರು ಕಡೆ, ಮುಸ್ಸಂಜೆಗೆ ಹುಳುಗಳು ಮುಖಕ್ಕೆ ಬಡಿಯುತ್ತವೆ. ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್, ಬಣ್ಣ ಬಳಿಯದ ಹಂಪ್, ಸರ್ವಿಸ್ ರಸ್ತೆಯಲ್ಲಿ ಎದುರಿಗೇ ಬರುವವರು. ಇವೆಲ್ಲ ಪ್ರತಿ ಬಾರಿಯೂ ಒಂದು ಸಣ್ಣ ತೀರ್ಮಾನ ಕೇಳುತ್ತವೆ. ಮಿದುಳು ಅಷ್ಟೂ ತೀರ್ಮಾನಗಳನ್ನು ಒಂದೇ ಚುರುಕಿನಲ್ಲಿ ಮಾಡಲಾರದು. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ದಣಿದ ಸವಾರ ಅರ್ಧ ಸೆಕೆಂಡ್ ತಡವಾಗಿ ಬ್ರೇಕ್ ಹಿಡಿದರೆ 11 ಮೀಟರ್ ಆಗಲೇ ಕಳೆದಿರುತ್ತದೆ. ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ 66 ಮೀಟರ್.

ದಣಿದವರಿಗೆ ತಾವು ದಣಿದಿದ್ದೇವೆ ಅನ್ನಿಸುವುದು ಕೊನೆಯಲ್ಲಿ. ಅದಕ್ಕೂ ಮೊದಲೇ ಗಾಡಿ ಓಡಿಸುವ ರೀತಿಯಲ್ಲಿ ಗುರುತು ಕಾಣುತ್ತದೆ. ತಿರುವು ಮುಗಿದರೂ ಇಂಡಿಕೇಟರ್ ಉರಿಯುತ್ತಲೇ ಇರುವುದು, ಯಾವ ಗೇರ್‌ನಲ್ಲಿದ್ದೇವೆ ಅಂತ ಮರೆಯುವುದು, ಕಾರಣವಿಲ್ಲದೆ ವೇಗ ಏರಿಳಿಯುವುದು, ಕಂಡ ಹಳ್ಳಕ್ಕೇ ಹೋಗಿ ಬೀಳುವುದು, ದಾಟಿಬಂದ ಊರು ನೆನಪಾಗದಿರುವುದು. ಇದರಲ್ಲಿ ಎರಡು ಒಟ್ಟಿಗೆ ಕಂಡರೆ ನಿಲ್ಲಿಸಬೇಕು. ಮಧ್ಯಾಹ್ನ 2ರಿಂದ 4, ರಾತ್ರಿ 2ರಿಂದ ಬೆಳಗಿನ ಜಾವದವರೆಗೆ ಮೈ ತಾನಾಗಿಯೇ ನಿದ್ದೆಗೆ ವಾಲುವ ಹೊತ್ತು. ಎರಡು ಬೆಣ್ಣೆದೋಸೆ ತಿಂದ ಮೇಲಂತೂ ಇನ್ನೂ ಜಾಸ್ತಿ. ದಾರಿಯಲ್ಲಿ ಒಂದೇ ಸಾಕು, ಉಳಿದದ್ದು ಊರು ಸೇರಿದ ಮೇಲೆ. ತೂಕಡಿಕೆ ಬಂದಾಗ ಮುಖಕ್ಕೆ ನೀರು ಎರಚಿಕೊಂಡರೆ ಕೆಲವು ನಿಮಿಷವಷ್ಟೇ ಪ್ರಯೋಜನ. ಒಂದು ಟೀ ಅಥವಾ ಕಾಫಿ ಕುಡಿದು ಇಪ್ಪತ್ತು ನಿಮಿಷ ಮಲಗಿ. ಏಳುವ ಹೊತ್ತಿಗೆ ಅದರ ಕೆಫೀನ್ ಕೆಲಸ ಶುರು ಮಾಡಿರುತ್ತದೆ.

ಕೆಲಸದ ಒತ್ತಡ ಹೊತ್ತು ಓಡಿಸುವವರ ಕಷ್ಟ ಬೇರೆ. ಟಾರ್ಗೆಟ್ ಮುಗಿದಿಲ್ಲ, ಜೇಬಿನಲ್ಲಿ ಫೋನ್ ನಡುಗುತ್ತದೆ, ಯಾರದ್ದಿರಬಹುದು ಅನ್ನುವ ಯೋಚನೆಯಲ್ಲೇ ಎರಡು ಕಿ.ಮೀ. ಕಳೆಯುತ್ತದೆ. ಹೊರಡುವಾಗಲೇ 'ಅಣ್ಣಾ, ಹನ್ನೊಂದು ಗಂಟೆವರೆಗೆ ಗಾಡಿ ಮೇಲಿರ್ತೀನಿ, ಮುಟ್ಟಿ ಫೋನ್ ಮಾಡ್ತೀನಿ' ಅಂತ ಹೇಳಿ ಫೋನನ್ನು ಸೈಲೆಂಟ್ ಮಾಡಿ ಬ್ಯಾಗಿಗೆ ಹಾಕುವುದು ಸಣ್ಣ ಕೆಲಸ, ತಲೆ ಹಗುರಾಗುವುದು ಬಹಳ. ಯಾರೋ ಅಡ್ಡ ಬಂದು ಕೂದಲೆಳೆಯಲ್ಲಿ ಪಾರಾದ ಮೇಲೆ ಎದೆ ಹೊಡೆದುಕೊಳ್ಳುತ್ತಿರುವಾಗ ಅವರನ್ನು ಅಟ್ಟಿಸಿಕೊಂಡು ಹೋಗುವ ಮನಸ್ಸಾಗುತ್ತದೆ. ಆಗ ರಸ್ತೆ ಪಕ್ಕಕ್ಕೆ ನಿಂತು ಹತ್ತು ನಿಮಿಷ ಸುಧಾರಿಸಿಕೊಳ್ಳುವುದೇ ಸರಿ.

ಚಿಕ್ಕ ಗಾಡಿಗಳಲ್ಲಿ ಒಂದು ಗಂಟೆಗೊಮ್ಮೆ ನಿಲ್ಲಿಸಿ. ನಿಲ್ಲಿಸಿದ ಮೇಲೆ ಗಾಡಿ ಮೇಲೇ ಕೂತು ಮೊಬೈಲ್ ನೋಡಿದರೆ ಅದೇ ಸ್ನಾಯುಗಳು ಅದೇ ಬಿಗಿಯಲ್ಲಿರುತ್ತವೆ, ಕತ್ತು ಇನ್ನೂ ಬಗ್ಗುತ್ತದೆ. ಹೆಲ್ಮೆಟ್ ತೆಗೆದು ಇನ್ನೂರು ಹೆಜ್ಜೆ ನಡೆಯಿರಿ. ಕೈ ಮುಂದಕ್ಕೆ ಚಾಚಿ ಇನ್ನೊಂದು ಕೈಯಿಂದ ಬೆರಳುಗಳನ್ನು ಹಿಂದಕ್ಕೆಳೆದು 20 ಸೆಕೆಂಡ್ ಹಿಡಿಯಿರಿ. ಗದ್ದವನ್ನು ಕತ್ತಿನ ಕಡೆ ನೇರ ಹಿಂದಕ್ಕೆ ಎಳೆದು ಐದು ಸೆಕೆಂಡ್, ಹೀಗೆ ಹತ್ತು ಸಲ. ಒಂದು ಕಾಲು ಹಿಂದಿಟ್ಟು ಮುಂದಿನ ಮಂಡಿ ಬಗ್ಗಿಸಿ ನಿಂತರೆ ಕೂತು ಕೂತು ಕುಗ್ಗಿದ ತೊಡೆಸಂದಿನ ಸ್ನಾಯು ಬಿಡುತ್ತದೆ. ಸೊಂಟನೋವಿಗೆ ಬೆನ್ನು ಬಗ್ಗಿಸುವುದಕ್ಕಿಂತ ಇದು ಹೆಚ್ಚು ಉಪಯೋಗ. ಮತ್ತೆ ಹೊರಟಾಗ ಆಗಾಗ ಎರಡೂ ಮೊಣಕೈಗಳನ್ನು ಸ್ವಲ್ಪ ಅಲುಗಿಸಿ ನೋಡಿ. ಅಲುಗಲು ಕಷ್ಟವಾದರೆ ಹೆಗಲು ಕಿವಿಯ ಹತ್ತಿರ ಏರಿಬಿಟ್ಟಿದೆ. ಉಸಿರು ಬಿಟ್ಟು ಇಳಿಸಿ.

ರಾತ್ರಿಗೆ ಗೀರು ಬಿದ್ದ ವೈಸರ್ ಬೇಡ. ಎದುರಿನ ಹೈಬೀಮ್ ಪ್ರತಿ ಗೀರಿನಲ್ಲೂ ಹರಡಿ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಧೂಳಿನ ವೈಸರನ್ನು ಒಣಬಟ್ಟೆಯಲ್ಲಿ ಒರೆಸುವುದರಿಂದಲೇ ಗೀರು ಬೀಳುವುದು. ಸೋಪಿನ ನೀರು ಹಾಕಿ, ನೆನೆಯಲು ಬಿಟ್ಟು, ಬೆರಳಲ್ಲಿ ಮೆಲ್ಲಗೆ ತೊಳೆಯಿರಿ. ಹೆದ್ದಾರಿಯಿಂದ ಊರಿನ ಸರ್ವಿಸ್ ರಸ್ತೆಗೆ ಇಳಿಯುವಾಗ ಮೀಟರ್ ಕಡೆ ಕಣ್ಣು ಹಾಕಿ: ಗಂಟೆಗಟ್ಟಲೆ 80ರಲ್ಲಿ ಬಂದ ಕಣ್ಣಿಗೆ 60 ಕೂಡ ನಿಧಾನವೆನ್ನಿಸುತ್ತದೆ.

ಇಷ್ಟೆಲ್ಲ ಸರಿಪಡಿಸಿ ಎರಡು-ಮೂರು ವಾರ ಕಳೆದರೂ ನೋವು ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ. ನೋವು ಸೊಂಟದಿಂದ ಮಂಡಿಯ ಕೆಳಗೂ ಇಳಿಯುತ್ತಿದ್ದರೆ, ಪಾದ ಎತ್ತಲು ಬಲ ಸಾಲದಿದ್ದರೆ, ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅಷ್ಟೂ ಕಾಯಬೇಡಿ. ತೊಡೆಗಳ ನಡುವೆ ಸ್ಪರ್ಶ ಗೊತ್ತಾಗದಿರುವುದು, ಮೂತ್ರ-ಮಲದ ಹಿಡಿತ ತಪ್ಪುವುದು ಬೆನ್ನುಹುರಿಯ ಬುಡದ ನರಗಳು ಅಪಾಯದಲ್ಲಿರುವ ಲಕ್ಷಣ, ಅದೇ ಗಂಟೆ ಆಸ್ಪತ್ರೆಗೆ ಹೊರಡಬೇಕು, ಅದೂ ಬೈಕ್ ಮೇಲಲ್ಲ. ಡಾಕ್ಟರ ಮುಂದೆ 'ಬೆನ್ನು ನೋವು' ಅಂತಷ್ಟೇ ಹೇಳಿ ಸುಮ್ಮನಾಗಬೇಡಿ. ದಿನಕ್ಕೆ ಎಷ್ಟು ಕಿಲೋಮೀಟರ್, ಯಾವ ಗಾಡಿ, ಎಂಥ ರಸ್ತೆ, ಎಷ್ಟು ಹೊತ್ತಿಗೆ ನೋವು ಶುರುವಾಗುತ್ತದೆ, ಭಾನುವಾರ ಕಡಿಮೆಯಾಗುತ್ತದೆಯೇ ಅನ್ನುವುದನ್ನೂ ಅವರೇ ಕೇಳದಿದ್ದರೂ ಹೇಳಿ.